ಸೋಮವಾರದ ಮ್ಯಾಟ್ನಿ

“ಪಿಚ್ಚರು ಟಾಕೀಸಿಗೆ ಬಂದ ದಿವ್ಸ ನಾನೇ ನಿಮ್ಮನ್ನ ಕರ್ಕಂಡೋಗಿ, ಪಕ್ಕದಲ್ಲಿ ಕೂರುಸ್ಕಂಡು ತೋರುಸ್ತೀನಿ ಮಾವ. ನಮ್ಮಪ್ಪನಾಣೆ” ಎಂದು ಪ್ರಮೀಳಾ ತನ್ನ ಮಾವ ಕರಿಯಪ್ಪನಿಗೆ ಮಾತು ಕೊಟ್ಟು ಐದು ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು. ಕೊಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ಕೊಟ್ಟಿಗೆಯ ಬಾಗಿಲಲ್ಲಿ, ಸೊಂಟದ ಮೇಲೆ ಸಗಣಿಯ ಮಂಕರಿ ಇಟ್ಟುಕೊಂಡು ನಿಂತು.

ಆ ಮಾತು ಬಾರದಿದ್ದರೆ ಕರಿಯಪ್ಪ ಅವತ್ತು ಎತ್ತುಗಳ ಕಣ್ಣಿ ಬಿಚ್ಚುತ್ತಲೇ ಇರಲಿಲ್ಲ. ಚಿನಕುರಳಿ ಸುತ್ತಿನ ಹಳೇ ಮನೆತನಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಹದ ಆರಿಹೋಗುತ್ತಿದ್ದರೂ ಇಡುವುದಿಲ್ಲ, ಆಲೆಮನೆಯಲ್ಲಿ ಒಲೆ ಹೊತ್ತಿಸಿಕೊಂಡು ಕಬ್ಬಿಗೆ ಕಾಯುತ್ತಿದ್ದರೂ ಇಡುವುದಿಲ್ಲ. ಟ್ರಾಕ್ಟರು ಬಂದ ಮೇಲೆ ಊರಿನ ಹುಡುಗರಿಗೆ ಸೋಮವಾರವೂ ಒಂದೇ, ಶನಿವಾರವೂ ಒಂದೇ ಆಯಿತು. ಕರಿಯಪ್ಪನಿಗೆ ಆಗಲಿಲ್ಲ. ಅವನ ಅಪ್ಪ ಸತ್ತದ್ದು ಒಂದು ಭಾನುವಾರ. ಮಾರನೆಯ ದಿನ ಗಾಡಿ ಕಟ್ಟುವಂತಿಲ್ಲವೆಂದು ಮಣ್ಣಿಗೆ ಬಂದ ನೆಂಟರನ್ನೆಲ್ಲ ಬಸ್ ಸ್ಟಾಪಿನವರೆಗೆ ನಡೆಸಿಕೊಂಡೇ ಹೋಗಿ ಬಿಟ್ಟು ಬಂದಿದ್ದ ಮನುಷ್ಯ ಅವನು.

ಷೂಟಿಂಗಿನವರಿಗೆ ಮಾತ್ರ ಸೋಮವಾರವೇ ಬೇಕಾಗಿತ್ತು. ಕಲ್ಲುಗುಡ್ಡದ ಹಿಂದಿನ ಒಣಕೆರೆಯಲ್ಲಿ ಒಂದು ತಿಂಗಳಿಂದ ಬಿಡಾರ ಹೂಡಿದ್ದರು. ಅರಮನೆ ಕಳೆದುಕೊಂಡ ಒಬ್ಬ ರಾಣಿ ಇಳಿಹೊತ್ತಿನಲ್ಲಿ ಎತ್ತಿನ ಗಾಡಿ ಹತ್ತಿ ಊರು ಬಿಡುವ ಕತೆ. ರಾಣಿಯ ಪಾತ್ರದವಳು ಮಂಗಳವಾರ ಬೆಳಿಗ್ಗೆ ಇನ್ನೊಂದು ಪಿಚ್ಚರಿಗೆ ಹೊರಡಬೇಕಿತ್ತು. ಪಕ್ಕದ ಕ್ವಾರಿಯವರನ್ನು ಕಾಡಿ ಬೇಡಿ, ಅದೊಂದು ದಿನ ಬಂಡೆಗೆ ಮದ್ದು ಹಾರಿಸದಂತೆ ಒಪ್ಪಿಸಿದ್ದರು. ಮ್ಯಾನೇಜರ್ ಶಿವಶಂಕರ್ ಹತ್ತೂರು ಅಲೆದು, ಕೊನೆಗೆ ಕರಿಯಪ್ಪನ ಹಳ್ಳಿಕಾರ್ ಜೋಡಿಯನ್ನು ಕಂಡ ಮೇಲೆ, ಇವೇ ಆಗಬೇಕು ಎಂದು ಜಗುಲಿ ಬಿಟ್ಟು ಏಳಲಿಲ್ಲ. ಎಡಗೋಲಿಗೆ ಮಲ್ಲ, ಬಲಗೋಲಿಗೆ ಜವರ. ಎರಡಕ್ಕೂ ಒಂದೇ ಬೂದಿ ಬಣ್ಣ, ಒಂದೇ ಎತ್ತರ, ಹಿಂದಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟಲು ಹೋಗುವ ಕೊಂಬು.

“ಆಗಕಿಲ್ಲ ಅಂದ್ರೆ ಆಗಕಿಲ್ಲ” ಎಂದ ಕರಿಯಪ್ಪ. “ಮಂಗ್ಳವಾರ ಎಷ್ಟೊತ್ತಿಗೆ ಕರುದ್ರೂ ಬತ್ತೀನಿ. ರಾಣಿ ಓಯ್ತಾಳೆ ಅಂದ್ರೆ ಓಗ್ಲಿ ಬುಡು. ಈ ಮ್ಯಾನೇಜರಪ್ಪಂಗೇ ಒಂದು ಸೀರೆ ಉಡ್ಸಿ ಗಾಡೀಲಿ ಕೂರ್ಸಿ, ಬೆನ್ನು ಮಾತ್ರ ತೋರುಸ್ಲಿ.”

ಶಿವಶಂಕರ್ ನಗಲಿಲ್ಲ. ಪ್ರಮೀಳಾಳ ಕಡೆ ನೋಡಿದ. ಆಗ ಅವಳು ಆ ಮಾತು ಕೊಟ್ಟದ್ದು, ಅದರ ಬೆನ್ನಿಗೇ ಇದನ್ನೂ ಹೇಳಿದ್ದು.

“ಇವು ಇನ್ನೆಷ್ಟು ವರ್ಷ ಇದ್ದಾವು ಮಾವ? ನಿಮ್ಮ ಮಗ ಆಗ್ಲೇ ಟ್ರಾಕ್ಟ್ರು ಟ್ರಾಕ್ಟ್ರು ಅಂತ ಜಪ ಮಾಡ್ತಾವ್ರೆ. ಪಿಚ್ಚರಲ್ಲಾದ್ರೆ ಉಳ್ಕಂತವೆ. ನಾವೆಲ್ಲ ಸತ್ತೋದ್ಮೇಲೂ ಅವು ನಡೀತಾನೇ ಇರ್ತವೆ.”

ಮುದುಕ ಬಹಳ ಹೊತ್ತು ಮಲ್ಲನ ಕತ್ತಿನ ಗಂಗೆದೊಗಲು ಸವರುತ್ತ ನಿಂತಿದ್ದ. ಆ ಮಾತು ಅವನಿಗೆ ತಾಗಿತ್ತು. ಪ್ರಮೀಳಾ ಅದನ್ನು ಸುಳ್ಳಾಗಿಯೂ ಹೇಳಿರಲಿಲ್ಲ. ಆದರೆ ಷೂಟಿಂಗಿನ ದುಡ್ಡಿನಲ್ಲಿ ಕೊಟ್ಟಿಗೆಗೆ ಹೊಸ ಶೀಟು ಹೊದೆಸಬಹುದು ಎಂಬ ಲೆಕ್ಕಾಚಾರವೂ ಅದೇ ಹೊತ್ತಿಗೆ ತಲೆಯಲ್ಲಿ ಓಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ಆಗಬೇಕಾದ ನೂರು ಕೆಲಸಗಳಲ್ಲಿ ಅದೂ ಒಂದು.

ಅವತ್ತು ನಡೆದದ್ದು ಹೀಗೆ. ಎತ್ತುಗಳಿಗೆ ಆಯಾಸವಾಗಬಾರದೆಂದು ಟೆಂಪೋದಲ್ಲಿ ಹಲಗೆ ಇಟ್ಟು ಹತ್ತಿಸಿಕೊಂಡು ಹೋದರು. ಕೆರೆಯಂಗಳದಲ್ಲಿ ಲಾರಿಗಟ್ಟಲೆ ಕೆಂಪುಮಣ್ಣು ಸುರಿದು, ನೀರು ಹೊಡೆದು, ಹಳೇ ಕಾಲದ ದಾರಿ ಮಾಡಿದ್ದರು. ಗಾಡಿ ಹೊಡೆಯಲು ಕರಿಯಪ್ಪನನ್ನು ಬಿಡಲಿಲ್ಲ. ಅವನ ಮುಖ ಕತೆಗೆ ಒಗ್ಗುವುದಿಲ್ಲವಂತೆ. ಯಾವನೋ ಒಬ್ಬ ಸಿನಿಮಾದವನಿಗೆ ರುಮಾಲು ಸುತ್ತಿ ಗಾಡಿಯ ಮೂಕಿಯ ಮೇಲೆ ಕೂರಿಸಿದರು. ಕರಿಯಪ್ಪ ಕ್ಯಾಮೆರಾದ ಹಿಂದೆ ನಿಂತು, ಬೆರಳು ಮಡಚಿ ಎಣಿಸುತ್ತಿದ್ದ. ಆ ತುದಿಯಿಂದ ಈ ತುದಿಗೆ ಏಳು ಸಲ ನಡೆಸಿದರು. ಏಳೂ ಸಲ ಎರಡೂ ಎತ್ತು ಒಂದೇ ಹೆಜ್ಜೆಗೆ ಬಂದವು.

“ಸಾಕು, ಬಿಚ್ಚಿ” ಎಂದ ಕರಿಯಪ್ಪ.

ಶಿವಶಂಕರ್ ಪ್ರಮೀಳಾಳ ಕಿವಿಯ ಹತ್ತಿರ ಬಂದ. “ಇನ್ನು ಹತ್ತು ನಿಮಿಷಕ್ಕೆ ಬೆಳಕು ಸರಿಯಾಗಿ ಕೆಂಪಾಗುತ್ತೆ ಅಕ್ಕಾ. ಡೈರೆಕ್ಟರು ಅದಕ್ಕೇ ಕಾಯ್ತಿದ್ದಾರೆ. ಒಂದೇ ಒಂದು ಸಲ. ಅಜ್ಜನ್ನ ಆ ಕಡೆ ಕರ್ಕೊಂಡೋಗಿ.”

ಅವಳು ಕರೆದುಕೊಂಡು ಹೋದಳು. “ಬನ್ನಿ ಮಾವ, ಶಾವಿಗೆ ಪಾಯ್ಸ ಮಾಡವ್ರಂತೆ. ಎತ್ತು ಬಿಚ್ಚಾಕೆ ಏಳಿದ್ದೀನಿ” ಎಂದಳು. ಊಟದ ಶಾಮಿಯಾನದ ಕಡೆ ಅವನ ಬೆನ್ನು ತಿರುಗಿದ್ದೇ ತಡ, ಹಿಂದೆ ಕೈ ಮಾಡಿ ಮ್ಯಾನೇಜರಿಗೆ ಸನ್ನೆ ಕೊಟ್ಟಳು. ಎಂಟನೆಯ ಸಲ ನಡೆಯುವಾಗ, ಹಸಿಮಣ್ಣಿನ ಕೆಳಗಿದ್ದ ಎರಡು ಕಲ್ಲುಗಳ ಸಂದಿಗೆ ಮಲ್ಲನ ಮುಂಗಾಲು ಸಿಕ್ಕಿಕೊಂಡಿತು. ಸುದ್ದಿ ಮೊದಲು ತಿಳಿದದ್ದು ಅವಳಿಗೆ. ಮಾವ ಪಾಯಸದ ಲೋಟ ಇನ್ನೂ ಕೆಳಗಿಟ್ಟಿರಲಿಲ್ಲ. ಅವಳು ಹೋಗಿ, “ಟೆಂಪೋ ಅತ್ಸುವಾಗ ಅಲ್ಗೆ ಜಾರ್ಬುಡ್ತಂತೆ ಮಾವ, ಮಲ್ಲಂಗೆ ಕಾಲು ಉಳುಕದೆ” ಎಂದುಬಿಟ್ಟಳು. ಅದು ಸುಳ್ಳೆಂದು ಹೇಳುವವರು ಯಾರೂ ಇರಲಿಲ್ಲ. ಊರಿನವರನ್ನೆಲ್ಲ ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದರು. ಷೂಟಿಂಗಿನವರು ಮಾರನೆಯ ದಿನ ಗುಡಾರ ಕಿತ್ತರು.

ಉಳುಕಾಗಿರಲಿಲ್ಲ, ಮುರಿದಿತ್ತು. ಮಲ್ಲ ಎರಡು ತಿಂಗಳು ಹೊಸ ಶೀಟಿನ ಕೆಳಗೆ ಮಲಗಿದ್ದು ಸತ್ತಿತು. ಜಮೀನಿನ ಬದುವಿನಲ್ಲಿ ಹೊಂಗೆಮರದ ಪಕ್ಕ ಗುಣಿ ತೋಡಿ ಹೂತರು. ಒಂಟಿಯಾದ ಜವರ ಮೇವು ಮುಟ್ಟದೆ ನಿಂತಾಗ, ಜೋಡಿ ಹುಡುಕುತ್ತಿದ್ದ ಕಿಕ್ಕೇರಿ ಕಡೆಯ ಒಬ್ಬ ರೈತನಿಗೆ ಕೊಟ್ಟುಬಿಟ್ಟರು. ಕರಿಯಪ್ಪ ಯಾರನ್ನೂ ಬಯ್ಯಲಿಲ್ಲ. ಗುಣಿ ಮುಚ್ಚಿ ಬಂದ ಸಂಜೆ ಕೈಕಾಲು ತೊಳೆಯುತ್ತ, “ಸೋಮವಾರ ಮುರುದೋನು ನಾನು. ಅಪ್ಪ ಏಳಿದ್ದ. ಕೇಳ್ಲಿಲ್ಲ” ಎಂದ, ಅಷ್ಟೆ. ಪ್ರಮೀಳಾ ಅವನ ಕೈಗೆ ಚೊಂಬಿನಿಂದ ನೀರು ಹಾಕುತ್ತಿದ್ದಳು. ಹೇಳಬೇಕಾಗಿದ್ದರೆ ಆಗಲೇ ಹೇಳಬೇಕಿತ್ತು. ನೀರು ಹಾಕಿ ಮುಗಿಯಿತು.

ಆಮೇಲೆ ದಿನಗಳು ಸುಮ್ಮನೆ ಉರುಳಿದವು. ನಾಲ್ಕು ಗಂಟೆಗೆ ಏಳು, ಹಾಲು ಕರೆ, ಡೈರಿಗೆ ಹಾಕು, ಮಗಳು ಅರ್ಪಿತಳ ಡಬ್ಬಿ ಕಟ್ಟು, ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮಂಜುನಾಥನಿಗೆ ನೀರು ಕಾಯಿಸು. ಅಷ್ಟರೊಳಗೆ ಹೊತ್ತು ಏರಿರುತ್ತಿತ್ತು. ಸುಳ್ಳು ಕೂಡ ಮನೆಯ ಪಾತ್ರೆಪಡಗದ ಹಾಗೆ ತನ್ನ ಜಾಗದಲ್ಲಿ ಕೂತುಬಿಟ್ಟಿತು. ಕಟ್ಟಲು ಎತ್ತೇ ಇಲ್ಲದಿದ್ದರೂ ಕರಿಯಪ್ಪ ಮಾತ್ರ ಸೋಮವಾರವನ್ನು ಬಿಡಲಿಲ್ಲ. ಅವತ್ತು ಗುದ್ದಲಿಯನ್ನೂ ಮುಟ್ಟುತ್ತಿರಲಿಲ್ಲ. ಬಸವನ ಗುಡಿಯ ಕಟ್ಟೆಯ ಮೇಲೆ ಕೂತಿದ್ದು ಬರುತ್ತಿದ್ದ. ವರ್ಷಕ್ಕೆ ಒಂದೆರಡು ಸಲ ಕೇಳುತ್ತಿದ್ದ. “ಆ ಪಿಚ್ಚರು ಬತ್ತದಾ ಕಣವ್ವ? ಅವತ್ತು ಚೆನ್ನಾಗೇ ನಡುದ್ವು. ಏಳು ಸಲ. ಒಂದು ಎಜ್ಜೆ ತಪ್ಲಿಲ್ಲ. ಅಷ್ಟು ನೋಡ್ಬುಟ್ರೆ ಸಾಕು.”

ಪಿಚ್ಚರು ಯಾಕೆ ನಿಂತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೂ ಐದು ವರ್ಷ ಕಳೆದ ಮೇಲೆ ಒಂದು ಶುಕ್ರವಾರ ಕೆ.ಆರ್. ಪೇಟೆಯ ಟಾಕೀಸಿಗೆ ಬಂತು. ಅಲ್ಲಿ ಟಿಕೆಟ್ ಹರಿಯುತ್ತಿದ್ದ ಸಂತೋಷ, ಪ್ರಮೀಳಾಳ ಅಣ್ಣನ ಮಗ, ಫೋನು ಮಾಡಿದ.

“ಅತ್ತೆ, ರಾಣಿ ಪಿಚ್ಚರು ಬಂದದೆ. ನಿಮ್ಮೆತ್ತೂ ಅವಂತೆ. ಇಂಟ್ರುವಲ್ ಆಗಿ ಒಂದು ಗಂಟೆ ಆದ್ಮೇಲೆ.”

“ನೀನು ನೋಡ್ದೇನ್ಲಾ? ಎಂಗ್ ಬಂದವೆ?”

“ನಾನೆಲ್ಲಿ ನೋಡ್ಲಿ? ಒಳಗೋಗಿ ಕುಂತ್ರೆ ನಿದ್ದೆ ಬತ್ತದೆ. ಆ ವಮ್ಮ ಒಂದು ಬಾಗ್ಲು ತೆಗೆಯೋ ಒತ್ಗೆ ನಾನು ಒಂದು ಟೀ ಕುಡ್ದು ಬಂದೆ. ಬಂದ್ಮೇಲೂ ತೆಗೀತಾನೇ ಅವ್ಳೆ.”

ನಾಳೆಯೇ ಹೋಗೋಣ ಎಂದಳು ಪ್ರಮೀಳಾ. ಕರಿಯಪ್ಪ ಒಪ್ಪಲಿಲ್ಲ. “ನಾಳೆ ಯಾಕವ್ವ? ಸೋಮವಾರ ಓಗಾನ. ಅವತ್ತು ಎಂಗೂ ಕೈ ಕಟ್ಕಂಡು ಕುಂತಿರ್ತೀನಿ. ಅವು ಬಿಡುವಾಗಿರೋ ದಿವ್ಸವೇ ಅವುಗಳ್ನ ನೋಡ್ಬೇಕು.” ಎತ್ತು ಇಲ್ಲದ ಮೇಲೆ ಬಿಡುವೆಲ್ಲಿ ಬಂತು ಎಂದು ಅವಳು ಕೇಳಲಿಲ್ಲ. ಶನಿವಾರ ಅರ್ಪಿತಳಿಗೆ ಶಾಲೆಯಲ್ಲಿ ಟೆಸ್ಟು, ಭಾನುವಾರ ಹಸು ಈಯುವ ದಿನ. ಅವಳಿಗೂ ಸೋಮವಾರವೇ ಅನುಕೂಲವಾಗಿತ್ತು.

ಸೋಮವಾರ ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ಸಂತೋಷನ ಫೋನು.

“ಅತ್ತೆ, ಎಷ್ಟೊತ್ಗೆ ಬತ್ತೀರಿ? ಮ್ಯಾಟ್ನಿಗೇ ಬಂದ್ಬುಡಿ. ಜನ ಬೈಕಂಡು ಎದ್ದೋಯ್ತಾವ್ರೆ ಅಂತ ಅರ್ಧ ಗಂಟೆ ಕತ್ತರ್ಸಿ ಒಸಾ ಕಾಪಿ ಕಳ್ಸವ್ರೆ. ಆಪರೇಟ್ರು ಚಲುವಯ್ಯ ಹಾಕ್ಕಂಡು ನೋಡ್ದ. ಗಾಡಿ ಸೀನನ್ನೇ ಎತ್ತಾಕ್ಬುಟ್ಟವ್ರೆ. ಸಂಜೆ ಫಸ್ಟ್ ಷೋಯಿಂದ ಒಸದು. ಹಳೇದು ಇವತ್ತು ಮ್ಯಾಟ್ನಿ ಒಂದೇ.”

ಪ್ರಮೀಳಾ ಹಾಲಿನ ಕ್ಯಾನು ಹಿಡಿದುಕೊಂಡೇ ನಿಂತಳು. “ಎಲ್ಲಾ ಊರ್ಗೂ ಅಂಗೇಯೇನ್ಲಾ?”

“ಎಲ್ಲಾ ಊರ್ಗೂ. ನಾಳೆ ಎಲ್ಲಿಗ್ ಓದ್ರೂ ನಿಮ್ಮೆತ್ತು ಕಾಣಕಿಲ್ಲ.”

ಅತ್ತೆ ಬೆಟ್ಟಮ್ಮ ಸಂಜೆಯ ಹಾಲು ತಾನೇ ಕರೆಯುತ್ತೇನೆಂದಳು. ಪಿಚ್ಚರಿಗೆ ಬಾ ಎಂದರೆ ಬರಲಿಲ್ಲ. “ಇದ್ದಾಗ ಕಣ್ತುಂಬ ನೋಡಿದ್ದೀನಿ. ಸತ್ತುದ್ದ ಗ್ವಾಡೆ ಮ್ಯಾಲೆ ನೋಡಿ ಏನ್ ಮಾಡ್ಲಿ? ನೀವೋಗ್ಬುಟ್ಟು ಬನ್ನಿ” ಎಂದು ಕರುವಿನ ಕಡೆ ಹೋದಳು.

ಕರಿಯಪ್ಪ ಒಗೆದ ಪಂಚೆ ಉಟ್ಟು, ಬಿಳಿ ಅಂಗಿ ತೊಟ್ಟು ಹೊರಟ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಅದರೊಳಗಿಂದ ಒಂದು ಹಿತ್ತಾಳೆ ಕಳಸ ತೆಗೆದ. ಕೊಂಬಿನ ತುದಿಗೆ ಸಿಕ್ಕಿಸುವಂಥದ್ದು. ಹುಣಸೆಹಣ್ಣು ಹಾಕಿ ತಿಕ್ಕಿದ್ದ, ಹೊಳೆಯುತ್ತಿತ್ತು.

“ಇದ್ಯಾಕ್ ಮಾವ?”

“ಇರ್ಲಿ ಅಂತ.” ಎಳೆಹುಡುಗನ ಹಾಗೆ ನಾಚಿಕೊಂಡು ಅದನ್ನು ಮತ್ತೆ ಚೀಲಕ್ಕೆ ಹಾಕಿದ. “ಮಲ್ಲಂದು. ಅವತ್ತು ಹಾಕ್ಬೇಡಿ ಅಂದ್ಬುಟ್ರು. ರಾಣಿ ದುಃಖದಲ್ಲವ್ಳೆ, ಎತ್ಗೆ ಸಿಂಗಾರ ಬ್ಯಾಡ ಅಂದ್ರು.”

ಪ್ರಮೀಳಾ ಎದುರಿನ ಸೀಟಿನ ಕಂಬಿ ಹಿಡಿದು ಕೂತಳು. ಅವಳಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಐದು ವರ್ಷವೂ ಇತ್ತು. ಆದರೆ ಪ್ರತಿ ಸಲವೂ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದಳು. ಏಳು ಸಲ ನೆಟ್ಟಗೆ ನಡೆದಿದ್ದಾವೆ, ಅದನ್ನು ಬಿಟ್ಟು ಎತ್ತು ಮುಗ್ಗರಿಸಿದ್ದನ್ನು ಯಾರು ತಾನೆ ಪಿಚ್ಚರಿಗೆ ಹಾಕುತ್ತಾರೆ? ಮಾವ ಅವು ನಡೆಯುವುದನ್ನು ನೋಡುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ, ಎದ್ದು ಬರುತ್ತಾನೆ. ಕೊಟ್ಟ ಮಾತಾದರೂ ಒಂದು ಉಳಿಯುತ್ತದೆ. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಹೋಗುತ್ತಿತ್ತು. ಮಾವ ಚೀಲದ ಬಾಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದ.

ಟಾಕೀಸಿನ ಮುಂದೆ ಏಳೇ ಜನ ಇದ್ದರು, ಇವರಿಬ್ಬರೂ ಸೇರಿ. ಮೇಲಿನ ಕಿಟಕಿಯಿಂದ ಚಲುವಯ್ಯ ತಲೆ ಹೊರಗೆ ಹಾಕಿ ಎಣಿಸಿದ. “ಅತ್ತು ತಲೆ ಇಲ್ದೆ ಆಟ ಹಾಕ್ಬೇಡ ಅಂದವ್ರೆ ಓನ್ರು. ಕಳ್ಸುಬುಡ್ಲಾ ಸಂತೋಸ.”

“ಅಯ್ಯೋ ತಡಿ ಮಾರಾಯ. ನಾನೊಬ್ಬ, ಎಂಟಾಯ್ತು” ಎಂದು ಸಂತೋಷ ಗೇಟು ಕಾಯುವ ದೇವಯ್ಯನನ್ನು ತೋಳು ಹಿಡಿದು ಎಳೆದ. “ಒಂಬತ್ತು. ಗೌರಮ್ಮಕ್ಕೋ, ಬಾ ಇಲ್ಲಿ. ಒಂದು ತಲೆ ಬೇಕಾಗದೆ.”

ಗೌರಮ್ಮ ಟಾಕೀಸಿನ ಮುಂದೆ ಬೋಂಡ ಸುಡುವವಳು. “ಎಣ್ಣೆ ಕಾದದೆ ಕಣ್ಲಾ! ಇದ ಬುಟ್ಟು ಆ ರಾಣಿ ಅಳೋದ ನೋಡ್ಲಾ? ಅವ್ಳು ಒಂದು ತೊಟ್ಟು ಕಣ್ಣೀರು ಕೆಳಿಕೆ ಬೀಳೋ ಒತ್ಗೆ ನನ್ನ ಬೋಂಡ ಮಸಿ ಆಯ್ತದೆ.”

“ಈ ತಾತನ ಎತ್ತು ಬತ್ತವೆ ಕಣಕ್ಕ ಇದ್ರಲ್ಲಿ.”

ಗೌರಮ್ಮ ಕರಿಯಪ್ಪನನ್ನು ನೋಡಿದಳು. ಅವನ ಅಂಗಿಯ ಇಸ್ತ್ರಿ ನೋಡಿದಳು. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

ಪಿಚ್ಚರು ಶುರುವಾಯಿತು. ಕತ್ತಲಲ್ಲಿ ಒಂದು ದೀಪ. ಆಮೇಲೆ ಇನ್ನೊಂದು. ಹೀಗೆ ಒಂದೊಂದಾಗಿ ನೂರು ದೀಪ ಹೊತ್ತಿ, ಆ ಬೆಳಕಿನಲ್ಲಿ ಅರಮನೆಯ ಕಂಬಗಳು ಮೆಲ್ಲಗೆ ಕಾಣಿಸಿಕೊಂಡವು. ಕರಿಯಪ್ಪ ಬಾಯಿ ತೆರೆದು ನೋಡಿದ. “ಆ ಕಂಬದ ಕೆತ್ನೆ ನೋಡವ್ವ… ಆ ಸೀರೆ ನೋಡು, ಅಂಚಿನ ತುಂಬ ಬಂಗಾರವೇ ಅಂತೀನಿ.” ಮಂಜು ತುಂಬಿದ ತೋಟ ಬಂತು, ಹೊಳೆಯ ಮೇಲೆ ಹಾಯುವ ಹರಿಗೋಲು ಬಂತು, ಬೆಳ್ಳಿ ತಟ್ಟೆಯಲ್ಲಿ ಮಲ್ಲಿಗೆ ಬಂತು. ಒಂದೊಂದನ್ನೂ ಕ್ಯಾಮೆರಾ ದೇವರ ಉತ್ಸವಮೂರ್ತಿಯ ಹಾಗೆ ಮುಂದೆ ನಿಲ್ಲಿಸಿಕೊಂಡು ಬಿಡುತ್ತಿರಲಿಲ್ಲ. ರಾಣಿ ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನಿಂತೇ ಇರುತ್ತಿದ್ದಳು.

“ಲೇ, ಕರೆಂಟೇನಾದ್ರೂ ಓಯ್ತೇನ್ಲಾ? ಅಲ್ಲಾಡ್ತಾನೇ ಇಲ್ಲ ಇವ್ಳು” ಎಂದ ಹಿಂದಿನ ಸಾಲಿನ ಒಬ್ಬ ಹುಡುಗ.

“ಸುಮ್ಕಿರ್ಲಾ, ಉಸ್ರಾಡ್ತಾವ್ಳೆ ನೋಡು. ಅದೇ ಫೈಟು” ಎಂದ ಅವನ ಜೊತೆಗಾರ.

ಕರಿಯಪ್ಪ ಇವಳ ಕಡೆ ಬಾಗಿ, “ಆ ಮಂಟಪದ ಹಿಂದ್ಗಡೆ ಕಾಂಗ್ರೆಸ್ ಗಿಡ ಬೆಳ್ದದೆ ನೋಡವ್ವ. ರಾಜರ ಕಾಲ್ದಲ್ಲಿ ಆ ಕಳೆ ಎಲ್ಲಿತ್ತು?” ಎಂದು ಪಿಸುಗುಟ್ಟಿದ. ಪ್ರಮೀಳಾಳಿಗೆ ನಗು ಬಂತು. ಎಷ್ಟೋ ದಿನವಾಗಿತ್ತು ಮಾವ ಹೀಗೆ ಮಾತಾಡಿ.

ಇಂಟರ್ವಲ್ಲಿನಲ್ಲಿ ಟೀ ಕುಡಿದರು. ಆಮೇಲೆ ಪಿಚ್ಚರು ಇನ್ನೂ ನಿಧಾನವಾಯಿತು. ರಾಜ ಸತ್ತ. ರಾಣಿ ಒಂದೊಂದೇ ಒಡವೆ ಬಿಚ್ಚಿ ನೀರಿನ ಬಟ್ಟಲಿಗೆ ಹಾಕಿದಳು. ಒಂದೊಂದೂ ಮುಳುಗುವವರೆಗೆ ಕಾಯಬೇಕಾಯಿತು. ತಲೆಯ ಮೇಲೆ ಫ್ಯಾನು ಕಿರ್ ಎಂದು ಸುತ್ತುತ್ತಿತ್ತು. ಕರಿಯಪ್ಪ ಬೆಳಗಿನ ಜಾವ ಮೂರಕ್ಕೇ ಎದ್ದು ಕಳಸ ತಿಕ್ಕಿದ್ದವನು. ಎಪ್ಪತ್ತೆಂಟು ವರ್ಷದ ಮೈ. ತಲೆ ಒಮ್ಮೆ ತೂಗಿತು, ನೆಟ್ಟಗಾಯಿತು, ಮತ್ತೆ ತೂಗಿ ಪ್ರಮೀಳಾಳ ಭುಜಕ್ಕೆ ಒರಗಿತು. ಮಲಗಲಿ, ಗಾಡಿ ಬಂದಾಗ ಎಬ್ಬಿಸಿದರಾಯಿತು ಎಂದುಕೊಂಡಳು. ಮಡಿಲಿನಿಂದ ಜಾರುತ್ತಿದ್ದ ಚೀಲವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಆಗ ಗುಡ್ಡ ಬಂತು. ಅವರೂರಿನದೇ ಗುಡ್ಡ, ದಿನಾ ನೋಡುವ ಗುಡ್ಡ. ಆದರೆ ಇಷ್ಟು ದೊಡ್ಡದಾಗಿ, ಇಷ್ಟು ಒಂಟಿಯಾಗಿ ಅದನ್ನು ಅವಳು ನೋಡಿರಲಿಲ್ಲ. ಆಕಾಶ ತುಂಬ ಕೆಂಪು. ಗುಡ್ಡದ ಬುಡದಿಂದ ಒಂದು ಗಾಡಿ ಚುಕ್ಕಿಯಷ್ಟಾಗಿ ಹೊರಟು, ಬರುತ್ತ ಬರುತ್ತ ಎತ್ತುಗಳಾಯಿತು. ಎಡಕ್ಕೆ ಮಲ್ಲ, ಬಲಕ್ಕೆ ಜವರ. ಅದೇ ಕೊಂಬು, ಅದೇ ಹೆಜ್ಜೆ. ಪ್ರಮೀಳಾ ಮಾವನ ಭುಜದ ಮೇಲೆ ಕೈಯಿಟ್ಟಳು. “ಮಾ…” ಎನ್ನುವಷ್ಟರಲ್ಲಿ ಅವಳ ಕಣ್ಣು ಗುಡ್ಡದ ಕಡೆ ಹೋಯಿತು.

ಸೂರ್ಯ ಅರ್ಧ ಮುಳುಗಿದ್ದ.

ಏಳು ಸಲ ನಡೆಸಿದಾಗಲೂ ಸೂರ್ಯ ಗುಡ್ಡದ ಮೇಲೆ ಒಂದು ಮಾರು ಎತ್ತರದಲ್ಲಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತಿದ್ದ. ಇದು ಎಂಟನೆಯದು.

ಎತ್ತುಗಳು ಬರುತ್ತಲೇ ಇದ್ದವು. ಟಾಕೀಸಿನಲ್ಲಿ ಗಾಲಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಆಮೇಲೆ ಮಲ್ಲನ ಎಡ ಮುಂಗಾಲು ಮಣ್ಣಿನೊಳಗೆ ಇಳಿಯಿತು, ಮೇಲೆ ಬರಲಿಲ್ಲ. ಅಷ್ಟು ದೊಡ್ಡ ಮೈ ಮುಂದಕ್ಕೆ ಬಾಗಿ ಮೊಣಕಾಲೂರಿತು. ನೊಗ ಓರೆಯಾಗಿ ಜವರನ ಕುತ್ತಿಗೆ ತಿರುಚಿತು. ರುಮಾಲಿನವನು ಬಾರುಕೋಲು ಬೀಸಿದ. ಒಂದು ಸಲ. ಎರಡು ಸಲ. ಮಲ್ಲ ಎದ್ದಿತು. ಎತ್ತಿದ ಕಾಲನ್ನು ನೆಲಕ್ಕೆ ಊರದೆ, ಮೂರು ಕಾಲಿನಲ್ಲಿ, ತಲೆ ತಗ್ಗಿಸಿ ನಡೆಯಿತು. ಕ್ಯಾಮೆರಾ ಆ ಕಡೆ ಈ ಕಡೆ ತಿರುಗಲಿಲ್ಲ. ಎಷ್ಟು ದೂರ ನಡೆಯುತ್ತದೋ ಅಷ್ಟೂ ದೂರ ನೋಡುತ್ತಲೇ ಇತ್ತು. ರಾಣಿ ಗಾಡಿಯಿಂದ ಇಳಿದು, ಎತ್ತಿನ ಹೆಗಲ ಮೇಲೆ ಕೈಯಿಟ್ಟು ಅದರ ಜೊತೆಗೇ ನಡೆದಳು. ಮೂರು ಗಂಟೆಯ ಪಿಚ್ಚರಿನಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ.

“ಪಾಪ ಕಣ್ಲಾ” ಎಂದ ಹಿಂದಿನ ಸಾಲಿನ ಹುಡುಗ. ಗೌರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪ್ರಮೀಳಾಳ ಕೈ ಮಾವನ ಭುಜದ ಮೇಲೆಯೇ ಇತ್ತು. ಒಂದು ಸಲ ಅಲ್ಲಾಡಿಸಿದ್ದರೆ ಎಚ್ಚರವಾಗುತ್ತಿದ್ದ. ಎಲೆ ಬಿದ್ದರೂ ಏಳುವ ನಿದ್ದೆ ಅವನದು. ಎದ್ದರೆ ಮಲ್ಲನನ್ನು ನೋಡುತ್ತಿದ್ದ, ಟೆಂಪೋ ಹಲಗೆ ಸುಳ್ಳೆಂದು ನೋ‌ಡುತ್ತಿದ್ದ, ತಾನು ಪಾಯಸ ಕುಡಿಯುತ್ತಿದ್ದಾಗ ಬಿದ್ದ ಬಾರುಕೋಲಿನ ಏಟು ನೋಡುತ್ತಿದ್ದ, ಆಮೇಲೆ ತಿರುಗಿ ಇವಳನ್ನು ನೋಡುತ್ತಿದ್ದ. ಸೋಮವಾರ ಮುರಿದ ತಪ್ಪಿಗೆ ಮಲ್ಲ ಸತ್ತಿತೆಂದು ಐದು ವರ್ಷ ಹೊತ್ತ ಭಾರ ಅವನ ತಲೆಯಿಂದ ಇಳಿಯುತ್ತಿತ್ತು. ಇಳಿದು ಎಲ್ಲಿಗೆ ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಅವನಿಗಾಗಿ ಸುಮ್ಮನಿದ್ದಳೋ, ತನಗಾಗಿಯೋ, ಅದನ್ನು ಆಗ ಬಿಡಿಸಿ ನೋಡುವಷ್ಟು ಧೈರ್ಯ ಅವಳಿಗಿರಲಿಲ್ಲ. ನಾಲ್ಕು ನಿಮಿಷ. ಗಾಡಿ ತೆರೆಯ ಅಂಚು ದಾಟಿತು, ಕೆಂಪು ಆರಿತು, ಕತ್ತಲಾಯಿತು. ಅವಳು ಕೈ ತೆಗೆದಳು.

ದೀಪ ಹಾಕಿದಾಗ ಕರಿಯಪ್ಪ ದಿಗ್ಗನೆ ಎದ್ದು ಕೂತ. ಖಾಲಿ ತೆರೆ ನೋಡಿದ, ಇವಳನ್ನು ನೋಡಿದ.

“ಕಣ್ಣತ್ಬುಡ್ತು ಕಣವ್ವ. ಬಂದ್ವಾ?”

ಗೌರಮ್ಮ ಮುಂದಿನ ಸಾಲಿನಿಂದ ತಿರುಗಿದಳು. “ಅಯ್ಯೋ ತಾತ, ಆ ಎತ್ತು…” ಎಂದವಳು ಪ್ರಮೀಳಾಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಸಂತೋಷ ಬಾಗಿಲ ಪರದೆ ಎಳೆಯುತ್ತಿದ್ದವನು ತಿರುಗಲೇ ಇಲ್ಲ.

“ಇಲ್ಲ ಮಾವ” ಎಂದಳು ಪ್ರಮೀಳಾ. “ಬರ್ನಿಲ್ಲ. ಕತ್ತರ್ಸಾಕ್ಬುಟ್ಟವ್ರೆ. ಈ ಆಟಕ್ಕೇ ಒಸಾ ಕಾಪಿ ಹಾಕ್ಬುಟ್ಟವ್ರೆ.”

“ಹಳೇದು ಅಂದಿದ್ನಲ್ಲ ಸಂತೋಸ?”

“ಅವ್ನಿಗೂ ಗೊತ್ತಾಗ್ನಿಲ್ಲ.”

ಕರಿಯಪ್ಪ ಎರಡೂ ಕೈ ಮೊಣಕಾಲಿಗೆ ಊರಿ ಎದ್ದ. “ನಂದೇ ತಪ್ಪು ಬುಡು. ನೀನು ಶನಿವಾರವೇ ಓಗಾನ ಅಂದೆ. ನಾನೇ ಸೋಮವಾರ ಅಂದೆ. ಅವತ್ತೂ ಸೋಮವಾರ, ಇವತ್ತೂ ಸೋಮವಾರ.” ಬಾಗಿಲ ಹತ್ತಿರ ಹೋದವನು ನಿಂತು, “ಚೆನ್ನಾಗೇ ನಡೆದಿದ್ವು ಕಣವ್ವ. ಏಳು ಸಲ. ಅಲ್ವಾ?” ಎಂದ.

“ಊಂ ಮಾವ. ಒಂದೆಜ್ಜೆ ತಪ್ಲಿಲ್ಲ.”

ಹೊರಗೆ ಫಸ್ಟ್ ಷೋಗೆ ನಾಲ್ಕಾರು ಜನ ನಿಂತಿದ್ದರು. ಗೌರಮ್ಮ ಮತ್ತೆ ಒಲೆ ಹೊತ್ತಿಸಿ, ಕಾಗದದಲ್ಲಿ ಎರಡು ಬೋಂಡ ಸುತ್ತಿ ಕರಿಯಪ್ಪನ ಕೈಗೆ ಕೊಟ್ಟಳು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ, ಪ್ರಮೀಳಾಳ ಮುಖವನ್ನೂ ನೋಡಲಿಲ್ಲ. ಇವರು ಬಸ್ ಸ್ಟ್ಯಾಂಡಿಗೆ ನಡೆಯುವ ಹೊತ್ತಿಗೆ ಟಾಕೀಸಿನ ಗಂಟೆ ಹೊಡೆಯಿತು. ಎತ್ತುಗಳಿಲ್ಲದ ಹೊಸ ಕಾಪಿ ಶುರುವಾಯಿತು. ಇನ್ನು ಮೇಲೆ ಯಾರನ್ನು ಕೇಳಿದರೂ ಪ್ರಮೀಳಾ ಹೇಳಿದ್ದೇ ನಿಜ.

ಬಸ್ಸಿನಲ್ಲಿ ಕರಿಯಪ್ಪ ಚೀಲ ಕೇಳಿದ. ಕೊಟ್ಟಳು. ಕಳಸ ಒಳಗಿದೆಯೋ ಇಲ್ಲವೋ ಎಂದು ಹೊರಗಿನಿಂದಲೇ ಮುಟ್ಟಿ ನೋಡಿ, ಮಡಿಲಲ್ಲಿಟ್ಟುಕೊಂಡ.

ಟಾಕೀಸಿಗೆ ಬಂದ ದಿನ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತೇನೆಂದು ಪ್ರಮೀಳಾ ಮಾತು ಕೊಟ್ಟಿದ್ದಳು. ಕರೆದುಕೊಂಡು ಹೋದಳು, ಪಕ್ಕದಲ್ಲಿ ಕೂರಿಸಿಕೊಂಡಳು. ತೋರಿಸಲಿಲ್ಲ.